ಕಾಶೆಪ್ಪ ಕೊಟ್ಟ ಜಬಾಬು

ಯುಗಾದಿ ಹತ್ತಿರ ಬಂತೆಂದರೆ ನಮ್ಮ ಕಡೆಯ ಹಳ್ಳಿಗಳಲ್ಲಿ ಎರಡು ಮಾತು ಕೇಳಿಬರುತ್ತವೆ. ಈ ವರ್ಷ ಮಳೆ ಹೇಗಂತೆ ಎಂಬುದು ಒಂದು. ಯಾರ ಮನೆಯ ಆಳು ಯಾರ ಮನೆಗೆ ಹೋದ ಎಂಬುದು ಇನ್ನೊಂದು. ಪಾಡ್ಯದ ದಿನ ಹಳೆಯ ಆಳಿನ ವರ್ಷ ಮುಗಿಯುತ್ತದೆ, ಹೊಸ ವರ್ಷದ ಮಾತಾಗುತ್ತದೆ. ಮನಸ್ಸಿದ್ದವನು ಅದೇ ಮನೆಯಲ್ಲಿ ಉಳಿಯುತ್ತಾನೆ. ಇಲ್ಲದವನು ಕಂಬಳಿ ಹೆಗಲಿಗೆ ಹಾಕಿಕೊಂಡು ಬೇರೆ ಬಾಗಿಲು ನೋಡುತ್ತಾನೆ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಕೆಲವು ಮನೆಗಳಲ್ಲಿ ಪಾಡ್ಯ ಬರುತ್ತದೆ, ಹೋಗುತ್ತದೆ, ಆಳಿನ ವರ್ಷ ಮಾತ್ರ ಮುಗಿಯುವುದಿಲ್ಲ. ಕರಡವಾಡಿಯ ಕಾಶೆಪ್ಪನಿಗೆ ಹೀಗೆ ಹನ್ನೊಂದು ಪಾಡ್ಯ ಕಳೆದಿದ್ದವು.

ಹನ್ನೆರಡನೆಯ ಪಾಡ್ಯಕ್ಕೆ ನಾಲ್ಕು ದಿನ ಇರುವಾಗ ಶಕುಂತಲಾಬಾಯಿ ಕರಡವಾಡಿಯ ತಿರುವಿನಲ್ಲಿ ಜೀಪಿನಿಂದ ಇಳಿದಳು. ಮಹಾರಾಷ್ಟ್ರದ ಗಡಿಯೊಳಗೆ ನಿಲಂಗಾದಿಂದ ಉಮರ್ಗಾಕ್ಕೆ ಹೋಗುವ ದಾರಿ ಅದು. ತಿರುವಿನಿಂದ ಊರಿಗೆ ಅರ್ಧ ಗಂಟೆಯ ನಡಿಗೆ. ಆ ಅರ್ಧ ಗಂಟೆಯೂ ಅವಳು ತನ್ನನ್ನೇ ಬೈದುಕೊಳ್ಳುತ್ತ ನಡೆದಳು. ಇನ್ನೊಮ್ಮೆ ಆ ಊರಿನ ಮಣ್ಣು ತುಳಿದರೆ ತನ್ನ ಹೆಸರು ಬೇರೆ ಇಡಿರಿ ಎಂದು ಉದಗೀರಿನಲ್ಲಿ ಹತ್ತು ಮಂದಿಯ ಮುಂದೆ ಹೇಳಿದ್ದಳು. ಹೇಳಿ ಐದು ತಿಂಗಳೂ ಆಗಿರಲಿಲ್ಲ.

ಶಕುಂತಲಾಬಾಯಿಗೆ ಐವತ್ತೆರಡು ವರ್ಷ. ಉದಗೀರಿನ ಒಂದು ಖಾನಾವಳಿಗೆ ದಿನಾ ಜೋಳದ ರೊಟ್ಟಿ ಬಡಿದುಕೊಟ್ಟು ಹೊಟ್ಟೆ ಹೊರೆಯುತ್ತಾಳೆ. ಇಪ್ಪತ್ತಾರು ವರ್ಷದ ಹಿಂದೆ ಒಂದು ಇಟ್ಟಂಗಿ ಭಟ್ಟಿಯ ಜೀತದಿಂದ ತಪ್ಪಿಸಿಕೊಂಡು ಬಂದವಳು. ತಾನು ಬಂದೆನಲ್ಲ, ಸಾಕು ಎಂದು ಕೂರಲಿಲ್ಲ. ಕೂಲಿಕಾರರ ಸಂಘದವರ ಜೊತೆ ಸೇರಿ, ಊರೂರು ತಿರುಗಿ, ಮೂವತ್ತೇಳು ಮಂದಿಯನ್ನು ಜೀತದಿಂದ ಬಿಡಿಸಿದ್ದಾಳೆ. ಆ ಮೂವತ್ತೇಳರಲ್ಲಿ ಒಬ್ಬರೂ ಕಾಶೆಪ್ಪನಷ್ಟು ಅವಳ ಜೀವ ತಿಂದಿರಲಿಲ್ಲ.

ಆಗಿದ್ದು ಇಷ್ಟು. ಕಾಶೆಪ್ಪ ಕಲ್ಯಾಣಪ್ಪ ಎಂಬ ರೈತನ ಮನೆಯಲ್ಲಿ ದನ ಕಾಯುವ ಆಳು. ಹನ್ನೊಂದು ವರ್ಷದ ಹಿಂದೆ ತಾಯಿಯ ಔಷಧಕ್ಕೆಂದು ಮುಂಗಡ ತೆಗೆದುಕೊಂಡಿದ್ದ. ಎಷ್ಟು ತೆಗೆದುಕೊಂಡ, ಎಷ್ಟು ತೀರಿತು ಎಂಬುದು ಅವನಿಗೂ ತಿಳಿಯದು. ಬೇರೆಡೆ ದುಡಿಯಲು ಹೋಗುವಂತಿಲ್ಲ, ನೆಂಟರ ಮನೆಗೂ ಕೇಳದೆ ಹೋಗುವಂತಿಲ್ಲ. ಎರಡು ವರ್ಷದ ಹಿಂದೆ ಇದು ಕಿವಿಗೆ ಬಿದ್ದಾಗ ಶಕುಂತಲಾಬಾಯಿ ಅರ್ಜಿ ಕೊಟ್ಟಳು. ವಿಚಾರಣೆಗೆ ಸಾಹೇಬರು ಬಂದರು. ಬಂದವರು ಕಲ್ಯಾಣಪ್ಪನ ಅಂಗಳದಲ್ಲಿ, ಕಲ್ಯಾಣಪ್ಪನ ಹೊರಸಿನ ಮೇಲೆ ಕೂತು, ಕಲ್ಯಾಣಪ್ಪನ ಚಹಾ ಕುಡಿಯುತ್ತ, ಕಲ್ಯಾಣಪ್ಪನ ಎದುರಿನಲ್ಲೇ ಕಾಶೆಪ್ಪನನ್ನು ಕೇಳಿದರು. ಕಾಶೆಪ್ಪ ಕೈ ಮುಗಿದು ಹೇಳಿದ: "ನಾ ಖುಷಿಲೆ ಇದ್ದೀನ್ರಿ ಸಾಹೇಬ್ರ. ಮಾಲಕರು ನಮಗ ತಂದಿ-ತಾಯಿ ಇದ್ದಂಗ."

ಸಾಹೇಬರು ಶಕುಂತಲಾಬಾಯಿಯ ಕಡೆ ನೋಡಿದ ನೋಟ ಅವಳಿಗೆ ಇನ್ನೂ ನೆನಪಿದೆ. ಅವಳು ಬಿಡಲಿಲ್ಲ, ಮತ್ತೆ ಅರ್ಜಿ ಕೊಟ್ಟಳು. ಎರಡನೆಯ ಸಲ ಕಾಶೆಪ್ಪ ಒಂದು ಮಾತು ಹೆಚ್ಚಿಗೆ ಸೇರಿಸಿದ. ಈ ಬಾಯಿ ಸುಮ್ಮಸುಮ್ಮನೆ ಬಂದು ನಮ್ಮ ತಲೆ ಕೆಡಿಸುತ್ತಾಳೆ ಎಂದ. ಸರ್ಕಾರದ ವೇಳೆ ಹಾಳು ಮಾಡಬೇಡಿರಿ ಎಂದು ಸಾಹೇಬರು ಅವಳಿಗೇ ತಾಕೀತು ಮಾಡಿ ಹೋದರು. ಆ ಊರಿನ ಮಣ್ಣು ತುಳಿಯುವುದಿಲ್ಲ ಎಂದು ಅವಳು ಹೇಳಿದ್ದು ಅಂದು ಉದಗೀರಿನಲ್ಲಿ ಜೀಪಿನಿಂದ ಇಳಿದ ಮೇಲೆ.

ಈಗ ಮತ್ತೆ ಬಂದದ್ದಕ್ಕೆ ಕಾರಣ ಊರಿನ ಶಾಲೆಯ ಮಾಸ್ತರರ ಫೋನು. ಕಾಶೆಪ್ಪನ ಮೇಲೆ ದೇವಣಿ ತಳಿಯ ಹೋರಿಯೊಂದು ಒರಗಿ, ಗೋದಲಿಯ ಕಟ್ಟೆಗೆ ಸಿಕ್ಕು ಅವನ ಕಾಲು ಮುರಿದಿದೆ. ಆಳು ಮಲಗಿದರೆ ಬದಲಿ ಆಳು ಕೊಡಬೇಕು, ಅದು ಅಲ್ಲಿಯ ವಾಡಿಕೆ. ಈ ಪಾಡ್ಯದ ದಿನ ಅವನು ತನ್ನ ಬದಲಿಗೆ ಮಗಳನ್ನು ನಿಲ್ಲಿಸುತ್ತಾನಂತೆ. ಮಗಳು ಸ್ವಪ್ನಾಲಿಗೆ ಹದಿಮೂರು. ಏಳನೆಯ ಇಯತ್ತೆ.

ಗುಡಿಸಲು ದನದ ಕೊಟ್ಟಿಗೆಗೆ ಹತ್ತಿಕೊಂಡೇ ಇತ್ತು. ಕಾಶೆಪ್ಪ ಪ್ಲಾಸ್ಟರ್ ಹಾಕಿದ ಕಾಲನ್ನು ಜೋಳದ ಚೀಲದ ಮೇಲೆ ಚಾಚಿ ಕೂತಿದ್ದ. ಅವನ ಹೆಂಡತಿ ರಂಭಾಬಾಯಿ ಒಲೆಯ ಮುಂದಿದ್ದಳು. ಸ್ವಪ್ನಾಲಿ ಸೆಗಣಿ ಬುಟ್ಟಿ ಹೊತ್ತು ಬಾಗಿಲ ಮುಂದೆ ಎರಡು ಸಲ ಹಾದುಹೋದಳು. ಶಾಲೆಯ ಹೊತ್ತು ಅದು.

"ಬಂದಿ ಏನವ್ವ," ಎಂದ ಕಾಶೆಪ್ಪ. "ಈ ಸಲ ಸಾಹೇಬ್ರು ಎಲ್ಲಿ?"

"ನಿನ್ನ ಖುಷಿ ನೋಡಿ ನೋಡಿ ಅವರಿಗಿ ಸಾಕಾಗ್ಯಾದ," ಎಂದಳು ಶಕುಂತಲಾಬಾಯಿ. "ನನಗೂ ಸಾಕಾಗಿತ್ತು."

ರಂಭಾಬಾಯಿ ನಗುವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಚಹಾಕ್ಕೆ ಇಟ್ಟಳು.

ಶಕುಂತಲಾಬಾಯಿ ಮೊದಲಿನಿಂದ ಹೇಳತೊಡಗಿದಳು. ಎರಡು ಸಲ ಹೇಳಿದ್ದನ್ನೇ ಮೂರನೆಯ ಸಲ ಹೇಳುವಾಗ ಅವಳ ದನಿ ತಾನಾಗಿ ಏರುತ್ತಿತ್ತು. ಮುಂಗಡ ಕೊಟ್ಟು ಮನುಷ್ಯನನ್ನು ಹಿಡಿದಿಡಬಾರದೆಂದು ಎಪ್ಪತ್ತಾರನೆಯ ಇಸವಿಯಲ್ಲೇ ಕಾಯ್ದೆ ಆಗಿದೆ. ಆ ಕಾಯ್ದೆಯ ಪ್ರಕಾರ ಜೀತದ ಸಾಲ ಸಾಲವೇ ಅಲ್ಲ, ಅದನ್ನು ತೀರಿಸಬೇಕಾಗಿಲ್ಲ. ಹಿಡಿದಿಟ್ಟವನಿಗೆ ಮೂರು ವರ್ಷದವರೆಗೆ ಸಜೆ ಇದೆ. ಹಾಗಾದರೆ ಗುಡಿಸಲು ಹೋಗುತ್ತದಲ್ಲ ಎಂದು ಕಾಶೆಪ್ಪ ಕೇಳಿದ. ಹೋಗುವುದಿಲ್ಲ, ಜೀತಕ್ಕೆಂದು ಕೊಟ್ಟ ಗುಡಿಸಲಿನಿಂದಲೂ ಎಬ್ಬಿಸಬಾರದೆಂದು ಅದೇ ಕಾಯ್ದೆಯಲ್ಲಿದೆ ಎಂದಳು. ಹೊಟ್ಟೆಗೆ ಏನು ಎಂದು ರಂಭಾಬಾಯಿ ಕೇಳಿದಳು. ಬಿಡುಗಡೆಯಾದವರಿಗೆ ಸರ್ಕಾರದ ಕಡೆಯಿಂದ ಮೊದಲು ಕೈಗೆ ಒಂದಿಷ್ಟು, ಆಮೇಲೆ ನೆಲೆ ನಿಲ್ಲಲು ಸಹಾಯ ಇದೆ. ಅದು ಬರಲು ತಡವಾಗಬಹುದು, ಓಡಾಡಬೇಕಾಗುತ್ತದೆ, ಆ ಓಡಾಟ ತನಗಿರಲಿ ಎಂದಳು.

ಕಾಶೆಪ್ಪ ಎಲ್ಲಕ್ಕೂ ತಲೆಯಾಡಿಸಿದ. ಆಮೇಲೆ ನಿಧಾನವಾಗಿ ಹೇಳಿದ: "ಸಾಲ ಸರ್ಕಾರ ಅಳಿಸ್ತದ ಅಂತಿ. ಆಗಲಿ. ನಾ ಬೇಲಭಂಡಾರ ಎತ್ತೀನಲ್ಲ, ಅದು ಯಾರ ಅಳಸಬೇಕು?"

ಶಕುಂತಲಾಬಾಯಿ ಚಹಾದ ಕಪ್ಪು ಕೆಳಗಿಟ್ಟಳು. ಗಂಟು ಅಲ್ಲಿತ್ತು. ಎರಡು ವರ್ಷದಲ್ಲಿ ಈ ಮಾತನ್ನು ಅವನು ಒಮ್ಮೆಯೂ ಬಾಯಿಬಿಟ್ಟು ಹೇಳಿರಲಿಲ್ಲ.

ಬೇಲಭಂಡಾರ ಎಂದರೆ ಆಣೆ. ತಾಟಿನಲ್ಲಿ ಒಂದು ಬಿಲ್ವಪತ್ರಿ, ಒಂದು ಚಿಟಿಕೆ ಅರಿಶಿನದ ಭಂಡಾರ ಇಡುತ್ತಾರೆ. ದೇವರ ಮುಂದೆ, ಅಯ್ಯನವರ ಮುಂದೆ, ಅದನ್ನು ಬಲಗೈಯಲ್ಲಿ ಎತ್ತಿ ಮಾತು ಕೊಡುತ್ತಾರೆ. ಕಾಗದ ಬೇಡ, ಸಹಿ ಬೇಡ. ಅಣ್ಣತಮ್ಮಂದಿರ ಜಗಳ ಮುಗಿಸಲು, ಹೊಲದ ಬದುವಿನ ತಕರಾರು ತೀರಿಸಲು ಹಿರಿಯರು ಮಾಡಿದ ಒಳ್ಳೆಯ ಪದ್ಧತಿ. ಅದನ್ನು ಕಲ್ಯಾಣಪ್ಪನ ತಂದೆಯ ಕಾಲದಿಂದ ಆಳು ಹಿಡಿಯುವುದಕ್ಕೂ ಬಳಸುತ್ತ ಬಂದಿದ್ದರು. ಮುಂಗಡ ತೀರುವವರೆಗೆ ಈ ಮನೆಯ ಹೊಸ್ತಿಲು ಬಿಡುವುದಿಲ್ಲ ಎಂದು ಕಾಶೆಪ್ಪ ಪತ್ರಿ ಎತ್ತಿದ್ದ. ಈಗ ಪಾಡ್ಯದ ದಿನ ಸ್ವಪ್ನಾಲಿಯೂ ಎತ್ತಬೇಕು.

ಅಷ್ಟರಲ್ಲಿ ಕಲ್ಯಾಣಪ್ಪನೇ ಬಂದ. ಅವನ ಕೈಯಲ್ಲಿ ಹಾಲಿನ ಚರಿಗೆ ಇತ್ತು. ಮುರಿದ ಎಲುಬಿಗೆ ಹಾಲು ಒಳ್ಳೆಯದೆಂದು ದಿನಾ ತಾನೇ ತಂದುಕೊಡುತ್ತಿದ್ದ. ಹಣೆಯ ಮೇಲೆ ಮುಂಜಾವಿನ ವಿಭೂತಿ, ಕೊರಳಲ್ಲಿ ಲಿಂಗ. ಕಾಶೆಪ್ಪನ ಕೊರಳಲ್ಲೂ ಲಿಂಗ. ಶಕುಂತಲಾಬಾಯಿಯನ್ನು ನೋಡಿ ಅವನು ಸಿಟ್ಟಾಗಲಿಲ್ಲ, ನೊಂದುಕೊಂಡ.

"ಬಾಯಿ, ನೀವು ಮಾತಾಡೂದು ಕೇಳಿದ್ರ ನಾ ಇವನಿಗಿ ಸಂಕಳಿ ಹಾಕೀನಿ ಅನ್ನಬೇಕು. ಇಂವಾ ನಮ್ಮ ಮನಿ ಮಂದಿ ಇದ್ದಂಗ. ನನ್ನ ಮಗ್ಗಲಾಗ ಕುಂತು ಉಣ್ತಾನ."

"ಉಣ್ತಾನ್ರಿ, ನಾ ಇಲ್ಲ ಅನ್ನಲ್ಲ," ಎಂದಳು ಅವಳು. "ಕಾಲು ನೆಟ್ಟಗಾದ ಮ್ಯಾಲ ಇಂವಾ ಉಮರ್ಗಾಕ ಹೋಗಿ ಇನ್ನೊಬ್ಬರ ಹಂತ್ಯಾಕ ಕೆಲಸಕ್ಕ ನಿಂತರ ನಡೀತದೇನ್ರಿ?"

ಕಲ್ಯಾಣಪ್ಪ ನಕ್ಕುಬಿಟ್ಟ. "ಹ್ಯಾಂಗ ನಡೀತದ? ಇಂವಾ ನನ್ನ ಆಳು."

"ಇಷ್ಟೇ ಕೇಳಬೇಕಿತ್ರಿ ನನಗ."

ತಾನು ಏನು ಹೇಳಿದೆ ಎಂಬುದು ಕಲ್ಯಾಣಪ್ಪನಿಗೆ ನಿಜವಾಗಿಯೂ ತಿಳಿಯಲಿಲ್ಲ. ಚರಿಗೆ ಇಟ್ಟು, ತಲೆ ಅಲ್ಲಾಡಿಸುತ್ತ ಹೋದ. ಶಕುಂತಲಾಬಾಯಿಗೆ ಮೈಯೆಲ್ಲ ಉರಿಯಿತು. ಬಡಿಯುವ ಮಾಲಕನಾದರೆ ಎಷ್ಟೋ ಸಲೀಸು, ಮೈಮೇಲಿನ ಬಾಸುಂಡೆ ತೋರಿಸಿದರೆ ಸಾಕು. ಹಾಲು ತಂದುಕೊಡುವ ಮಾಲಕನ ಮನೆಯಿಂದ ಒಬ್ಬನನ್ನು ಬಿಡಿಸುವ ಕೆಲಸ ಏಳು ಜನ್ಮಕ್ಕೂ ಬೇಡ.

ಅಲ್ಲಿಂದ ಅವಳು ನೇರ ಗುರುಲಿಂಗಯ್ಯನ ಮನೆಗೆ ಹೋದಳು. ಊರಿನ ಮನೆಗಳ ಪೂಜೆ, ಮದುವೆ, ತೊಟ್ಟಿಲು ಎಲ್ಲ ಮಾಡಿಸುವ ಅಯ್ಯನವರು ಅವರು. ಕಾಶೆಪ್ಪ ಪತ್ರಿ ಎತ್ತಿದಾಗ ತಾಟು ಹಿಡಿದವರೂ ಅವರೇ. ಅವಳು ಹೇಳಿದ್ದನ್ನೆಲ್ಲ ಕೇಳಿ, ಕೂಸಿನ ವಿಷಯ ಮನಸ್ಸಿಗೆ ಒಪ್ಪುವುದಿಲ್ಲ ಎಂದರು. ಆದರೆ ಕಲ್ಯಾಣಪ್ಪ ದೊಡ್ಡ ಭಕ್ತ, ಹಬ್ಬದ ಹೊತ್ತಿನಲ್ಲಿ ಅವನ ಮನಸ್ಸು ನೋಯಿಸುವುದು ಹೇಗೆ ಎಂದರು. ಪಾಡ್ಯ ಆಗಲಿ, ಆಮೇಲೆ ನೋಡೋಣ ಎಂದರು. ಪಾಡ್ಯಕ್ಕೇ ಎತ್ತಿಸುತ್ತಾರಲ್ಲ, ಆಮೇಲೆ ನೋಡುವುದೇನು ಎಂದು ಅವಳು ಕೇಳಿದಳು. ಆಗ ಅಯ್ಯನವರು ಕಡೆಯ ಮಾತು ತೆಗೆದರು: "ಆಣಿ ಅನ್ನೂದು ಭಕ್ತಗೂ ಶಿವಗೂ ನಡುವಿಂದು, ತಾಯಿ. ನಡುವ ನಾ ಯಾರು?"

"ತಾಟು ಹಿಡೀಲಿಕ್ಕ ನಡುವ ಬರ್ತೀರಲ್ರಿ, ಅಪ್ಪಾವರ," ಎಂದಳು ಶಕುಂತಲಾಬಾಯಿ.

ಗುರುಲಿಂಗಯ್ಯ ಹೆಗಲ ಮೇಲಿನ ವಸ್ತ್ರ ಸರಿಮಾಡಿಕೊಂಡರು. ಒಳಗಿನಿಂದ ಅವರ ಹೆಂಡತಿ ಇಂದುಬಾಯಿ, ಉತ್ತರ ಇಲ್ಲದಿದ್ದರೆ ನೀರಾದರೂ ಕೊಡಿರಿ, ಬಿಸಿಲಲ್ಲಿ ಬಂದಾಳ ಎಂದು ಕೂಗಿದಳು.

ಮರುದಿನ ಶಕುಂತಲಾಬಾಯಿ ಮೂರನೆಯ ಅರ್ಜಿ ಕೊಟ್ಟಳು. ಹಿಂದಿನ ಎರಡರಲ್ಲಿ ಮಾಡಿದ ತಪ್ಪು ಅವಳಿಗೆ ಈಗ ಹೊಳೆದಿತ್ತು. ಈ ಸಲ ಒಂದು ಸಾಲು ಹೆಚ್ಚಿಗೆ ಬರೆಸಿದಳು: ಕಾಶೆಪ್ಪನ ಜಬಾಬು, ಅಂದರೆ ಅವನ ಹೇಳಿಕೆ, ಮಾಲಕನ ಮನೆಯಲ್ಲಿ, ಮಾಲಕನ ಎದುರು ತೆಗೆದುಕೊಳ್ಳಬಾರದು. ಅವನಿಗೆ ತಿಳಿಯುವ ಮಾತಿನಲ್ಲಿ ಕೇಳಬೇಕು, ಬರೆದದ್ದನ್ನು ಓದಿ ಹೇಳಬೇಕು. ಅರ್ಜಿ ತೆಗೆದುಕೊಂಡ ಗುಮಾಸ್ತ ಅವಳ ಹೆಸರು ನೋಡಿ, ಮತ್ತೆ ನೀವೇ ಏನು ಎಂದ. ಮತ್ತೆ ನಾನೇ ಎಂದಳು. ಹಬ್ಬ ಮುಗಿದ ಮೂರನೆಯ ದಿನಕ್ಕೆ ಕರೆದರು.

ಹಾಗಾದರೆ ನಡುವೆ ಪಾಡ್ಯ ಒಂದಿದೆ. ಆ ದಿನ ಹುಡುಗಿ ಪತ್ರಿ ಎತ್ತಿದರೆ ತಂದೆಯಂತೆ ಅವಳೂ ಬಾಯಿ ಮುಚ್ಚುತ್ತಾಳೆ. ಒಬ್ಬರ ಜಾಗದಲ್ಲಿ ಇಬ್ಬರಾಗುತ್ತಾರೆ.

ಪಾಡ್ಯದ ಹಿಂದಿನ ಮಧ್ಯಾಹ್ನ ಅವಳು ಮತ್ತೆ ಗುಡಿಸಲಿಗೆ ಬಂದಳು. ಕಾಯ್ದೆಯ ಮಾತು ಎತ್ತಲಿಲ್ಲ. ತನ್ನ ಮಾತು ಹೇಳಿದಳು. ಅದನ್ನು ಹೇಳುವುದು ಅವಳಿಗೆ ಇಷ್ಟವಿಲ್ಲ, ಹೇಳಿದಾಗಲೆಲ್ಲ ಮೂರು ದಿನ ಊಟ ರುಚಿಸುವುದಿಲ್ಲ.

ಸೊಲ್ಲಾಪುರದ ಆಚೆ ಒಂದು ಇಟ್ಟಂಗಿ ಭಟ್ಟಿ. ಅವಳು, ಗಂಡ ಶಿವರಾಯ, ಕಂಕುಳಲ್ಲಿ ಮಗಳು. ಭಟ್ಟಿಗೆ ಬೇಲಿ ಇರಲಿಲ್ಲ, ಬಾಗಿಲು ಇರಲಿಲ್ಲ, ಬೀಗವಂತೂ ಇಲ್ಲವೇ ಇಲ್ಲ. ಭಟ್ಟಿಯ ಮೂಲೆಯಲ್ಲಿ ಒಂದು ಸಣ್ಣ ಶಿವನ ಗುಡಿ ಇತ್ತು. ಬಂದ ಮೊದಲ ದಿನ ಗಂಡ ಹೆಂಡತಿ ಜೋಡಿಯಾಗಿ ಅಲ್ಲಿ ಬೇಲಭಂಡಾರ ಎತ್ತಬೇಕು. ಅಷ್ಟಾದರೆ ಮಾಲಕ ನೆಮ್ಮದಿಯಾಗಿ ಮಲಗುತ್ತಿದ್ದ. ನಾಲ್ಕು ವರ್ಷವಾದರೂ ಮುಂಗಡ ತೀರಲಿಲ್ಲ. ಮಗಳಿಗೆ ಹೊಗೆಯಿಂದ ಕೆಮ್ಮು ಹತ್ತಿತು. ಹೋಗೋಣ ಎಂದು ಶಕುಂತಲಾಬಾಯಿ ಗಂಡನಿಗೆ ಹೇಳಿದಳು. ಪತ್ರಿ ಎತ್ತೀನಿ ಎಂದ ಅವನು. ನಾನೂ ಎತ್ತೀನಿ ಎಂದಳು ಇವಳು. ನೀ ಬೇಕಾದರೆ ಹೋಗು, ನಾನು ತೀರಿಸಿಕೊಂಡು ಬರುತ್ತೇನೆ ಎಂದ. ಒಂದು ಮುಂಜಾನೆ ಅವಳು ತಲೆಯ ಮೇಲೆ ಅರಿವೆಯ ಗಂಟು, ಕಂಕುಳಲ್ಲಿ ಮಗಳನ್ನು ಇಟ್ಟುಕೊಂಡು, ಬಾವಿಗೆ ಒಗೆಯಲು ಹೋಗುವವಳಂತೆ ಹೊರಟಳು. ಬಾವಿಯ ಹತ್ತಿರ ನಿಲ್ಲಲಿಲ್ಲ. ಉದಗೀರಿನ ಸಂತೆಗೆ ದನ ಸಾಗಿಸುವ ಗಾಡಿಯವರು ಹತ್ತಿಸಿಕೊಂಡರು. ಅವಳು ಬಂದ ಎರಡನೆಯ ಬೇಸಿಗೆಯಲ್ಲಿ ಶಿವರಾಯ ಭಟ್ಟಿಯಲ್ಲೇ ಎದೆ ಕಟ್ಟಿ ಸತ್ತ. ಸುದ್ದಿ ಇವಳಿಗೆ ಮುಟ್ಟಿದ್ದು ಹನ್ನೆರಡು ದಿನದ ಮೇಲೆ. ಮಣ್ಣು ಮಾಡಿದ ಜಾಗವನ್ನೂ ಯಾರೂ ಸರಿಯಾಗಿ ತೋರಿಸಲಿಲ್ಲ.

ರಂಭಾಬಾಯಿ ಒಲೆಯ ಕಟ್ಟಿಗೆ ಹಿಂದಕ್ಕೆ ಎಳೆದಳು. ಆಮೇಲೆ ಕಾಶೆಪ್ಪ, ಕೆಟ್ಟ ಮನಸ್ಸಿನಿಂದಲ್ಲ, ನಿಜವಾಗಿ ಹೆದರಿಕೊಂಡು ಕೇಳಿದ: "ನೋಡು ಮತ್ತ. ನೀ ಆಣಿ ಮುರದಿ, ಗಂಡ ಹೋದ. ನಾ ಮುರದರ ಯಾರು ಹೋಗ್ತಾರ? ಇಕೀನೋ, ಈ ಕೂಸೋ?"

ರಂಭಾಬಾಯಿ ಗಂಡನ ಬಾಯಿ ಮುಚ್ಚಿಸಲು ಕೈ ಎತ್ತಿದಳು. ಶಕುಂತಲಾಬಾಯಿ ಬೇಡವೆಂದು ತಡೆದಳು. ಆ ಮಾತನ್ನು ಅವಳು ಅನೇಕ ರಾತ್ರಿ ತನಗೆ ತಾನೇ ಕೇಳಿಕೊಂಡಿದ್ದಳು. ಈಗ ಬೇರೆಯವರ ಬಾಯಿಂದ ಕೇಳಿದಾಗ ಅಳು ಬರಲಿಲ್ಲ, ಸಿಟ್ಟು ಬಂತು.

"ಮುರದಾಕಿ ನಾನು," ಎಂದಳು. "ಸತ್ತಾಂವ ಅಂವಾ, ಮುರೀಲಾರದಾಂವ. ಶಿವಗ ಇಷ್ಟೂ ತಿಳಿಯಲ್ಲೇನು ಕಾಶೆಪ್ಪ? ತಪ್ಪು ಮಾಡಿದಾಕಿನ ಬಿಟ್ಟು, ಮಾತಿಗಿ ನಿಂತಾಂವನ ಒಯ್ತಾನೇನು? ಅವನಿಗಿ ಶಿವ ಒಯ್ಲಿಲ್ಲ. ಹೊಗಿ ಒಯ್ತು. ಐದಾರು ವರ್ಷ ಹೊಗಿ ಕುಡದಾನ, ದವಾಖಾನಿಗಿ ಬಿಡಲಿಲ್ಲ, ಸತ್ತ. ಅದನ ದೇವರ ಮ್ಯಾಲ ಹಾಕಬ್ಯಾಡ. ನಾ ಆ ಮೂರ್ಖನ ಮ್ಯಾಲ ಇನ್ನೂ ಸಿಟ್ಟಾಗೇ ಇದ್ದೀನಿ. ಸೋಮವಾರ ಪೂಜಿಗಿ ಕುಂತಾಗೂ ಸಿಟ್ಟು ಬರ್ತದ. ಇನ್ನೊಬ್ಬರ ಮ್ಯಾಲ ಸಿಟ್ಟಾಗಲಿಕ್ಕ ನನಗ ಈಗ ತಾಕತ್ತಿಲ್ಲ."

ಅಷ್ಟು ಹೇಳಿ ಎದ್ದು ಹೊರಟಳು. ರಂಭಾಬಾಯಿ ಹಿಂದೆಯೇ ಬಂದು, ತಿರುವಿನವರೆಗೆ ಜೊತೆಗೆ ನಡೆದಳು.

ಪಾಡ್ಯದ ಮುಂಜಾನೆ ಕಲ್ಯಾಣಪ್ಪನ ಬಾಗಿಲಿಗೆ ಸೀರೆ ಸುತ್ತಿದ ಹಬ್ಬದ ಕೋಲು, ಗುಡಿ, ಏರಿತ್ತು, ಬೇವು ಬೆಲ್ಲ ಹಂಚಿ ಆಗಿತ್ತು. ಶಕುಂತಲಾಬಾಯಿ ಅಂಗಳದ ಗೋಡೆಯ ಹತ್ತಿರ ನಿಂತಿದ್ದಳು. ಹಬ್ಬದ ದಿನ ಬಂದವರನ್ನು ಹೊರಗೆ ಹಾಕಬಾರದೆಂದು ಕಲ್ಯಾಣಪ್ಪ ಅವಳಿಗೂ ಬೇವು ಬೆಲ್ಲ ಕೊಡಿಸಿದ್ದ. ದೇವರ ಮನೆಯ ಮುಂದೆ ಗುರುಲಿಂಗಯ್ಯ ತಾಟು ಹಿಡಿದು ಕೂತಿದ್ದರು. ಕಾಶೆಪ್ಪ ಕಂಕುಳಿಗೆ ಕೋಲು ಕೊಟ್ಟುಕೊಂಡು ನಿಂತಿದ್ದ. ಸ್ವಪ್ನಾಲಿಗೆ ತಾಯಿ ಎಣ್ಣೆ ಹಚ್ಚಿ ಎರಡು ಜಡೆ ಹಾಕಿದ್ದಳು, ಶಾಲೆಗೆ ಹೋಗುವಾಗ ಹಾಕುವ ಹಾಗೆ.

ಕಲ್ಯಾಣಪ್ಪ ಹುಡುಗಿಯನ್ನು ಪ್ರೀತಿಯಿಂದಲೇ ಕರೆದ. ಬಾ ಕೂಸೇ, ಬಲಗೈ ಮುಂದ ಮಾಡು ಎಂದ. ಸ್ವಪ್ನಾಲಿ ಬಂದಳು, ಕೈ ಚಾಚಿದಳು. ಬೆರಳುಗಳ ಸಂದಿಯಲ್ಲಿ ಸೆಗಣಿಯ ಹಸಿರು ಇನ್ನೂ ಹೋಗಿರಲಿಲ್ಲ.

ಶಕುಂತಲಾಬಾಯಿ ಕಾಶೆಪ್ಪನನ್ನು ನೋಡಿದಳು. ಅವನು ನೆಲ ನೋಡುತ್ತಿದ್ದ. ಇವನಿಂದ ಆಗುವುದಿಲ್ಲ, ಈ ಕಲ್ಲಿಗೆ ನೀರು ಹೊಯ್ದು ಪ್ರಯೋಜನವಿಲ್ಲ ಎಂದುಕೊಂಡು ತಾನೇ ಮುಂದೆ ಹೆಜ್ಜೆ ಇಟ್ಟಳು. ಆಗ ಕಾಶೆಪ್ಪ ಮಾತಾಡಿದ.

"ಕೈ ತೆಗಿ, ಸಪನಾ."

ಹುಡುಗಿ ತಿರುಗಿ ನೋಡಿದಳು.

"ಕೈ ಹಿಂದ ತೆಗಿ ಅಂದೆ. ಮಾಲಕ್ರ, ನನ್ನ ಆಣಿ ನಾ ಎತ್ತೀನಿ. ಅದರ ಪಾಪ ಪುಣ್ಯ ನಂದು. ಇಕೀ ಕೈಲೆ ಎತ್ತಸೂದಿಲ್ಲ."

ಕಲ್ಯಾಣಪ್ಪ ಮೊದಲು ಬೆರಗಾದ, ಆಮೇಲೆ ಬೇಸರಪಟ್ಟುಕೊಂಡ. ದನಗಳನ್ನು ಯಾರು ನೋಡಬೇಕು, ದವಾಖಾನೆಗೆ ಕೊಟ್ಟದ್ದು ಯಾರು ತೀರಿಸಬೇಕು, ಮನೆಮಂದಿಯಂತೆ ಇಟ್ಟುಕೊಂಡದ್ದಕ್ಕೆ ಇದೇನಾ ಫಲ ಎಂದೆಲ್ಲ ಅಂದ. ಕಾಶೆಪ್ಪ ಅದೇ ಮಾತನ್ನು ಇನ್ನೊಮ್ಮೆ ಹೇಳಿದ. ಕಡೆಗೆ ಕಲ್ಯಾಣಪ್ಪ ಅಯ್ಯನವರ ಕಡೆ ತಿರುಗಿ, ನೀವಾದರೂ ಹೇಳಿರಿ ಎಂದ.

ಗುರುಲಿಂಗಯ್ಯ ತಾಟನ್ನು ಕೆಳಗಿಟ್ಟರು. ಆಮೇಲೆ ಎದ್ದು, ಪತ್ರಿಯನ್ನು ತೆಗೆದುಕೊಂಡು ದೇವರ ಮನೆಯ ಒಳಗೆ ಹೋಗಿ ಲಿಂಗದ ಮೇಲೆ ಇಟ್ಟು ಬಂದರು.

"ಕಲ್ಯಾಣಪ್ಪ, ಪತ್ರಿ ಇಡೂ ಜಾಗ ಅದು. ಆಳು ಕಟ್ಟಲಿಕ್ಕ ಇಟ್ಟದ್ದು ನಮ್ಮ ತಪ್ಪು. ನಿನ್ನದಕ್ಕಿಂತ ನಂದು ಹೆಚ್ಚು," ಎಂದರು. ಕಾಶೆಪ್ಪನ ಕಡೆ ತಿರುಗಿದರು. "ನಿನಗೂ ಆ ಆಣಿ ಬಿಟ್ಟದ. ಅವತ್ತ ತಾಟು ಹಿಡದಾಂವ ನಾನು. ಏನರೆ ಬರೂದಿದ್ರ ನನ್ನ ಮ್ಯಾಲ ಬರಲಿ."

ಶಕುಂತಲಾಬಾಯಿಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಒಂದು ಎಲೆಯನ್ನು ತಾಟಿನಿಂದ ಎತ್ತಿ ದೇವರ ಮೇಲಿಡಲು ಹತ್ತು ಹೆಜ್ಜೆ, ಅಷ್ಟಕ್ಕೆ ಹನ್ನೊಂದು ವರ್ಷ ಬೇಕಾಯಿತಲ್ಲ ಎಂದು ಅವಳಿಗೆ ಸಿಟ್ಟೇ ಬಂತು. ಭಟ್ಟಿಯ ಗುಡಿಯಲ್ಲೂ ಯಾರಾದರೂ ಒಬ್ಬರು ಹೀಗೆ ಎದ್ದು ನಡೆದಿದ್ದರೆ ಎಂಬುದೂ ನೆನಪಾಯಿತು.

ಮೂರನೆಯ ದಿನ ಕಾಶೆಪ್ಪ, ರಂಭಾಬಾಯಿ, ಸ್ವಪ್ನಾಲಿ ಮೂವರೂ ಶಕುಂತಲಾಬಾಯಿಯ ಜೊತೆ ಕಚೇರಿಗೆ ಹೋದರು. ಹಿಂದೆ ಬಂದ ಅದೇ ಸಾಹೇಬರು ಕೂತಿದ್ದರು. ಕಲ್ಯಾಣಪ್ಪನನ್ನು ಬೇರೆ ಹೊತ್ತಿಗೆ ಕರೆದಿದ್ದರು. ಕಚೇರಿಯ ಬರಹ ಮರಾಠಿ, ಅದನ್ನು ತಿಳಿಸಿ ಹೇಳಲು ಕನ್ನಡ ಬಲ್ಲ ಒಬ್ಬ ಗುಮಾಸ್ತನನ್ನು ಕೂರಿಸಿದ್ದರು. ಸಾಹೇಬರು ಅದೇ ಪ್ರಶ್ನೆ ಕೇಳಿದರು: ನೀವು ನಿಮ್ಮ ಖುಷಿಯಿಂದ ಅಲ್ಲಿ ಇದ್ದೀರಾ?

ಕಾಶೆಪ್ಪ ಗೋಡೆ ನೋಡಿದ, ಫ್ಯಾನು ನೋಡಿದ, ತನ್ನ ಕಾಲು ನೋಡಿದ. ಕೈಗೆ ಬಂದ ಕೆಲಸ ಇನ್ನೊಮ್ಮೆ ಕೆಡುತ್ತದೆ ಎಂದು ಶಕುಂತಲಾಬಾಯಿ ಸೆರಗನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಳು.

"ಸಾಹೇಬ್ರ," ಎಂದ ಕಾಶೆಪ್ಪ. "ಹಿಂದ ಎರಡ ಸಲ ನಾ ನಿಮಗ ಸುಳ್ಳು ಹೇಳೀನಿ. ಈ ಬಾಯಿ ಸುಳ್ಳು ಹೇಳಿಲ್ಲ. ಮುಂಗಡ ತಗೊಂಡೀನಿ ಅಂತ ನನಗ ಹೋಗಲಿಕ್ಕ ಬಿಡೂದಿಲ್ಲ. ಹನ್ನೊಂದ ವರ್ಷ ಆಯ್ತು. ಅಕ್ಕನ ಮಗಳ ಲಗ್ನ ನಿಲಂಗಾದಾಗ ಆಯ್ತು, ಅದಕ್ಕೂ ಹೋಗಿಲ್ಲ. ಹೊಡದಿಲ್ಲ, ಬಡದಿಲ್ಲ. ಊಟ ಹಾಕ್ಯಾರ. ಖರೇ, ಹೋಗ್ತೀನಿ ಅಂದ್ರ ಬಿಡೂದಿಲ್ಲ."

ಗುಮಾಸ್ತ ಬರೆದುಕೊಂಡ. ಬರೆದದ್ದನ್ನು ಓದಿದ, ಕನ್ನಡದಲ್ಲಿ ತಿಳಿಸಿ ಹೇಳಿದ. ಕಾಶೆಪ್ಪ ಸಹಿ ಹಾಕಿ, ಪೆನ್ನು ಕೈಯಲ್ಲಿ ಹಿಡಿದುಕೊಂಡೇ ಶಕುಂತಲಾಬಾಯಿಯನ್ನು ಕೇಳಿದ: ಸರಿ ಹೇಳಿದೆನಾ?

"ಮೂರನೇ ಸಲಕ್ಕ ಹೇಳಿದಿ," ಎಂದಳು ಅವಳು. "ಪೆನ್ನು ಅವರದು, ಕೊಡು."

ವಿಚಾರಣೆ ಮುಗಿದು ಕಾಶೆಪ್ಪನಿಗೆ ಬಿಡುಗಡೆಯ ಪ್ರಮಾಣಪತ್ರ ಬಂತು. ಮೊದಲ ಸಹಾಯ ಬರಲು ನಾಲ್ಕು ಓಡಾಟವಾಯಿತು, ಉಳಿದದ್ದಕ್ಕೆ ಶಕುಂತಲಾಬಾಯಿ ಇನ್ನೂ ಓಡಾಡುತ್ತಿದ್ದಾಳೆ. ಕಲ್ಯಾಣಪ್ಪನ ಮೇಲೆ ಕೇಸು ನಡೆದಿದೆ. ತಾನು ಮಾಡಿದ ತಪ್ಪೇನೆಂದು ಅವನು ಈಗಲೂ ಸಿಕ್ಕವರನ್ನೆಲ್ಲ ಕೇಳುತ್ತಾನೆ. ಕೇಳಲಿ, ಕೇಳುತ್ತ ಕೇಳುತ್ತ ಒಂದು ದಿನ ತಿಳಿದೀತು. ಕಾಶೆಪ್ಪನ ಕಾಲು ಕೂಡಿದೆ. ದನದ ಗುಣ ಬಲ್ಲವನೆಂದು ಗುಂಜೋಟಿಯ ರೈತನೊಬ್ಬ ದಿನಗೂಲಿಗೆ ಕರೆದಿದ್ದಾನೆ. ಕೂಲಿ ಅಂದಿನದು ಅಂದು ಕೈಗೆ. ಮನಸ್ಸಿಗೆ ಬಾರದ ದಿನ ಹೋಗುವುದಿಲ್ಲ. ಮೊದಲ ಸಲ ಹಾಗೆ ಮನೆಯಲ್ಲಿ ಉಳಿದ ದಿನ ಏನು ಮಾಡಬೇಕೆಂದು ತಿಳಿಯದೆ, ಮಗಳು ಶಾಲೆಯಿಂದ ಬರುವವರೆಗೆ ಬಾಗಿಲಲ್ಲಿ ಕೂತಿದ್ದನಂತೆ.

ಅಕ್ಕಂದಿರೇ, ಅಣ್ಣಂದಿರೇ, ಈ ಕಥೆಯನ್ನು ನಿಮ್ಮ ಉಳಿತಾಯದ ಗುಂಪಿನಲ್ಲಿ, ಬಚತ್ ಗಟ್ಟಿನಲ್ಲಿ, ಓದಿ, ಪಾಪ ಎಂದು ಹೇಳಿ ಎದ್ದು ಹೋಗಬೇಡಿರಿ. ನಿಮ್ಮ ಓಣಿಯಲ್ಲಿ ಮುಂಗಡ ತೆಗೆದುಕೊಂಡು ದುಡಿಯು­ವವರು ಇದ್ದರೆ ಒಂದೇ ಮಾತು ಕೇಳಿರಿ: ನಾಳೆ ಈ ಕೆಲಸ ಬಿಟ್ಟು ಬೇರೆಡೆ ಹೋಗಬಹುದೇ? ಹೋಗಲಾಗದಿದ್ದರೆ ಅದು ಜೀತ. ಹೊಡೆಯದಿದ್ದರೂ ಜೀತ, ಹೊಟ್ಟೆತುಂಬ ಊಟ ಹಾಕಿದರೂ ಜೀತ. ತಹಸೀಲ್ದಾರರಿಗಾಗಲಿ, ಪ್ರಾಂತ ಅಧಿಕಾರಿಗಾಗಲಿ, ಜಿಲ್ಲಾಧಿಕಾರಿಗಾಗಲಿ ತಿಳಿಸಿರಿ. ಯಾರು ಬೇಕಾದರೂ ತಿಳಿಸಬಹುದು. ಜಬಾಬು ಮಾಲಕನ ಮುಂದೆ ಕೊಡಬೇಡಿರಿ, ಓದಿಸಿ ಕೇಳದೆ ಸಹಿ ಹಾಕಬೇಡಿರಿ. ಮಕ್ಕಳನ್ನು ದುಡಿಯಲು ಇಟ್ಟದ್ದು ಕಂಡರೆ 1098ಕ್ಕೆ ಫೋನು ಮಾಡಿರಿ. ವಕೀಲರ ಸಹಾಯ ಬೇಕಾದರೆ 15100ಕ್ಕೆ ಮಾಡಿರಿ, ಬಡವರಿಗೆ ಅದು ಪುಕ್ಕಟೆ.

ಮನೆಯಲ್ಲಿ ಆಳು ಇಟ್ಟುಕೊಂಡ ಭಕ್ತರಿಗೂ ಒಂದು ಮಾತು. ದುಡಿದವನಿಗೆ ಕೂಲಿ ಕೊಡಿರಿ, ಅವನ ದಾರಿ ಅವನಿಗೆ ಬಿಡಿರಿ. ಇದನ್ನು ಮೂರು ಸಲ ಹೇಳಿಸಿಕೊಳ್ಳಬೇಡಿರಿ. ಹೇಳುವವರಿಗೂ ವಯಸ್ಸಾಗುತ್ತಿದೆ.